ಭುಜ ಹಿಡಿದುಕೊಂಡರೆ ಏನು ಮಾಡಬೇಕು: ಮೊದಲ ನೋವಿನಿಂದ ಕೈ ಮೇಲೇಳುವವರೆಗೆ

ತಲೆ ಬಾಚಿಕೊಳ್ಳಲು ಕೈ ಏಳುವುದಿಲ್ಲ. ಸೆರಗು ಹೆಗಲಿಗೆ ಹಾಕಿಕೊಳ್ಳಲು ಮಗಳನ್ನು ಕರೆಯಬೇಕು. ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ ಚಾಲಕ ಬ್ರೇಕ್ ಹಾಕಿದರೆ ಜೀವ ಹೋದಂತಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಆ ಮಗ್ಗುಲಿಗೆ ಹೊರಳಿದರೆ ಸಾಕು, ಮತ್ತೆ ಬೆಳಗಿನ ತನಕ ಕಣ್ಣು ಹತ್ತುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಯಾವ ಊರಿಗೆ ಹೋದರೂ ನಲವತ್ತೈದು ದಾಟಿದವರಲ್ಲಿ ಒಬ್ಬರಾದರೂ ಈ ದೂರು ಹೇಳುತ್ತಾರೆ. ವಾಯು ಹಿಡಿದಿದೆ, ರಟ್ಟೆ ಹಿಡಿದಿದೆ, ನರ ಎಳೆದಿದೆ ಎಂದು ಮನೆಯವರೇ ನಿರ್ಧರಿಸಿ ತೈಲ ತಿಕ್ಕುತ್ತಾರೆ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ಬರುತ್ತದೆ. ಹೀಗೆಯೇ ಮೂರು ನಾಲ್ಕು ತಿಂಗಳು ಕಳೆದು, ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗದ ಸ್ಥಿತಿ ಬಂದಾಗ ಆಸ್ಪತ್ರೆಯ ನೆನಪಾಗುತ್ತದೆ.

ವೈದ್ಯರು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಇದರ ಬಗ್ಗೆ ತಿಳಿಯಬೇಕಾದದ್ದು ಹಲವಿದ್ದರೂ ಮುಖ್ಯವಾದದ್ದು ಒಂದೇ: ಈ ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ, ಒಂದು ಹಂತದಲ್ಲಿ ಒಳ್ಳೆಯದು ಮಾಡುವ ಉಪಚಾರ ಇನ್ನೊಂದು ಹಂತದಲ್ಲಿ ಕೆಡುಕು ಮಾಡಬಹುದು. ನಾನು ಕಂಡಂತೆ ನಮ್ಮ ಕಡೆಯ ಜನ ಅನುಭವಿಸುವ ಸಂಕಟದ ಬಹುಪಾಲು ಹುಟ್ಟುವುದು ಈ ಹಂತಗಳನ್ನು ಅರಿಯದೆ ಕೈಯನ್ನು ಒಂದೋ ಪೂರಾ ಕಟ್ಟಿಹಾಕುವುದರಿಂದ, ಇಲ್ಲವೇ ಬಲವಂತವಾಗಿ ಎಳೆಸಿಕೊಳ್ಳುವುದರಿಂದ.

ಒಳಗೆ ಏನಾಗಿರುತ್ತದೆ

ಭುಜದ ಕೀಲಿನ ಸುತ್ತ ಒಂದು ಸಡಿಲವಾದ ಪೊರೆ ಇರುತ್ತದೆ. ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಸಾಧ್ಯವಾಗುವುದು ಆ ಸಡಿಲದಿಂದಲೇ. ಫ್ರೋಜನ್ ಶೋಲ್ಡರ್‌ನಲ್ಲಿ ಆ ಪೊರೆಯಲ್ಲಿ ಉರಿಯೂತ ಉಂಟಾಗಿ, ಅದು ದಪ್ಪಗಾಗಿ, ಒಗೆದ ಮೇಲೆ ಕುಗ್ಗಿದ ರವಿಕೆಯ ತೋಳಿನಂತೆ ಬಿಗಿದುಕೊಳ್ಳುತ್ತದೆ. ಎಲುಬು ಸವೆದಿರುವುದಿಲ್ಲ, ಕೀಲು ಜಾರಿರುವುದಿಲ್ಲ, ನರ ಹೊರಳಿರುವುದಿಲ್ಲ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. "ಎಕ್ಸ್‌ರೇ ಸರಿಯಿದೆಯಂತೆ, ಸುಮ್ಮನೆ ನೋವು ನೋವು ಅನ್ನುತ್ತಾಳೆ" ಎಂದು ಮನೆಯವರು ಹೇಳುವುದನ್ನು ಕೇಳಿದ್ದೇನೆ. ಎಕ್ಸ್‌ರೇ ಸರಿಯಿರುವುದು ಈ ಕಾಯಿಲೆಯ ಲಕ್ಷಣವೇ ಹೊರತು ನೋವು ಸುಳ್ಳೆಂಬುದಕ್ಕೆ ಸಾಕ್ಷಿಯಲ್ಲ.

ಇದು ಹೆಚ್ಚಾಗಿ 40ರಿಂದ 60 ವರ್ಷದೊಳಗಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ತುಸು ಹೆಚ್ಚು ಬರುತ್ತದೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ನೂರಕ್ಕೆ 10ರಿಂದ 20 ಮಂದಿಯವರೆಗೂ ಬರುತ್ತದೆ. ಥೈರಾಯ್ಡ್ ತೊಂದರೆ ಇರುವವರು, ಪಾರ್ಶ್ವವಾಯು ಹೊಡೆದು ಕೈ ಆಡಿಸದವರು, ಕೈ ಮುರಿದು ಬಹುಕಾಲ ಜೋಲಿ ಕಟ್ಟಿಕೊಂಡವರು, ಎದೆಯ ಅಥವಾ ಸ್ತನದ ಶಸ್ತ್ರಚಿಕಿತ್ಸೆ ಆದವರು ಕೂಡ ಇದಕ್ಕೆ ಸುಲಭವಾಗಿ ಸಿಕ್ಕಿಕೊಳ್ಳುತ್ತಾರೆ. ಎಷ್ಟೋ ಮಂದಿಗೆ ಯಾವ ಕಾರಣವೂ ಕಾಣದೆ ಬರುತ್ತದೆ. ಗದ್ದೆಗೆ ಔಷಧಿ ಹೊಡೆಯುವ ಪಂಪು ಬೆನ್ನಿಗೆ ಹೊತ್ತಿದ್ದರಿಂದ, ಹತ್ತಿ ಬಿಡಿಸಿದ್ದರಿಂದ, ರೊಟ್ಟಿ ಬಡಿದದ್ದರಿಂದ ಬಂತು ಎಂದು ನಾವು ಅಂದುಕೊಳ್ಳುತ್ತೇವೆ. ಆ ಕೆಲಸಗಳು ಬಂದ ನೋವನ್ನು ಕೆರಳಿಸುತ್ತವೆ ನಿಜ, ಆದರೆ ಒಂದು ದಿನವೂ ಹೊಲಕ್ಕೆ ಹೋಗದ ಬ್ಯಾಂಕ್ ನೌಕರರಿಗೂ ಶಿಕ್ಷಕಿಯರಿಗೂ ಇದು ಬರುತ್ತದೆ. ದುಡಿದದ್ದೇ ತಪ್ಪಾಯಿತು ಎಂದು ಯಾರೂ ಕೊರಗಬೇಕಿಲ್ಲ.

ಮೊದಲು ಮನೆಯಲ್ಲೇ ನೋಡಿಕೊಳ್ಳುವುದು

ಕನ್ನಡಿಯ ಮುಂದೆ ನಿಂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಮುಂಗೈಗಳನ್ನು ನೇರ ಮುಂದಕ್ಕೆ ಚಾಚಿ, ಮೊಣಕೈ ಪಕ್ಕೆ ಬಿಡದಂತೆ ಎರಡನ್ನೂ ಹೊರಗಡೆಗೆ, ಬಾಗಿಲ ಎರಡು ಕದ ತೆರೆಯುವ ರೀತಿಯಲ್ಲಿ ತಿರುಗಿಸಿ. ಒಳ್ಳೆಯ ಕೈ ಸಲೀಸಾಗಿ ಹೋಗಿ, ನೋವಿರುವ ಕೈ ಮುಂದಕ್ಕೇ ಸಿಕ್ಕಿಕೊಂಡರೆ ಅದು ದೊಡ್ಡ ಸುಳಿವು. ಈ ಕಾಯಿಲೆಯಲ್ಲಿ ಮೊದಲು ಮತ್ತು ಹೆಚ್ಚಾಗಿ ಕಳೆದುಹೋಗುವ ಚಲನೆ ಇದು. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ನೋಡಿ. ಒಳ್ಳೆಯ ಕೈಯ ಹೆಬ್ಬೆರಳು ಬೆನ್ನಿನ ನಡುವಿಗೆ ಮುಟ್ಟಿದರೆ ನೋವಿನ ಕೈ ಪ್ಯಾಂಟಿನ ಹಿಂದಿನ ಜೇಬನ್ನೂ ದಾಟದಿರಬಹುದು.

ಮೂರನೆಯದನ್ನು ಇನ್ನೊಬ್ಬರ ನೆರವಿನಿಂದ ನೋಡಬೇಕು. ನೀವು ಕೈಯನ್ನು ಪೂರಾ ಸಡಿಲ ಬಿಟ್ಟು, ಮನೆಯವರು ಮೆಲ್ಲಗೆ, ಬಲ ಹಾಕದೆ, ಅದನ್ನು ಮೇಲೆತ್ತಲಿ. ನೀವಾಗಿ ಎತ್ತಿದಾಗ ಎಲ್ಲಿ ನಿಲ್ಲುತ್ತದೆಯೋ ಅವರು ಎತ್ತಿದಾಗಲೂ ಅಲ್ಲೇ ನಿಂತರೆ ಕೀಲೇ ಬಿಗಿದಿದೆ ಎಂದರ್ಥ. ನಿಮ್ಮಿಂದ ಆಗದ್ದು ಅವರಿಂದ ಆದರೆ, ಅಂದರೆ ಕೈ ಅವರು ಎತ್ತಿದಷ್ಟೂ ಏರಿ, ಬಿಟ್ಟ ಕೂಡಲೇ ಬಿದ್ದುಬಿಟ್ಟರೆ, ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಗಟ್ಟಿ ಹುರಿ, ಹರಿದಿರುವ ಸಾಧ್ಯತೆ ಇದೆ. ಅದರ ಚಿಕಿತ್ಸೆಯೇ ಬೇರೆ. ಕುತ್ತಿಗೆಯ ಮೂಳೆಯಿಂದ ಬರುವ ನೋವೂ ಭುಜಕ್ಕೆ ಇಳಿಯುತ್ತದೆ, ಆದರೆ ಅದು ಹೆಚ್ಚಾಗಿ ಮೊಣಕೈ ದಾಟಿ ಬೆರಳುಗಳವರೆಗೆ ಜೋಮು ಹಿಡಿಸುತ್ತದೆ, ಕುತ್ತಿಗೆ ತಿರುಗಿಸಿದಾಗ ಹೆಚ್ಚುತ್ತದೆ. ಇವೆಲ್ಲ ಸುಳಿವುಗಳು ಮಾತ್ರ. ಯಾವ ಕಾಯಿಲೆ ಎಂದು ಹೇಳಬೇಕಾದವರು ವೈದ್ಯರೇ.

ಕೆಲವು ನೋವುಗಳಿಗೆ ಈ ಪರೀಕ್ಷೆಯನ್ನೂ ಮಾಡುತ್ತಾ ಕೂರಬಾರದು. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ, ಅದರಲ್ಲೂ ಎಡಭುಜವಾದರೆ, ಅದು ಹೃದಯದ್ದಾಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಇರುವವರಿಗೆ ಹೃದಯಾಘಾತದಲ್ಲಿ ಎದೆನೋವೇ ಬರದಿರಬಹುದು ಎಂಬುದನ್ನು ಮರೆಯಬೇಡಿ. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆ ಭುಜ ಕೆಂಪಾಗಿ ಊದಿಕೊಂಡಿರುವುದು, ಕೈಯಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಇಲ್ಲದಾಗುವುದು, ಕಾರಣವಿಲ್ಲದೆ ತೂಕ ಇಳಿಯುತ್ತಿರುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಭುಜ ನೋಯುವುದು, ಇವು ಯಾವುವೂ ವಾರಗಟ್ಟಲೆ ಕಾಯುವ ನೋವುಗಳಲ್ಲ.

ಯಾವ ಹಂತದಲ್ಲಿದ್ದೀರಿ

ಮೊದಲನೆಯದು ನೋವಿನ ಹಂತ. ಸುಮಾರು 2ರಿಂದ 9 ತಿಂಗಳು ಇರುತ್ತದೆ. ಸುಮ್ಮನೆ ಕೂತಾಗಲೂ ನೋವು, ರಾತ್ರಿ ಹೆಚ್ಚು ನೋವು, ಅಚಾನಕ್ಕಾಗಿ ಕೈ ಚಾಚಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಬಿಗಿತ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ. ಎರಡನೆಯದು ಬಿಗಿತದ ಹಂತ, ಸುಮಾರು 4ರಿಂದ 12 ತಿಂಗಳು. ನೋವು ಇಳಿದಿರುತ್ತದೆ, ತುದಿಗೆ ಎಳೆದಾಗ ಮಾತ್ರ ನೋಯುತ್ತದೆ, ಆದರೆ ಕೈ ಓಡುವುದೇ ಇಲ್ಲ. ಮೂರನೆಯದು ಬಿಡುವ ಹಂತ. ಆರು ತಿಂಗಳಿಂದ ಎರಡು ವರ್ಷ ಹಿಡಿಯಬಹುದು, ಚಲನೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಒಟ್ಟಿನಲ್ಲಿ ಒಂದರಿಂದ ಮೂರು ವರ್ಷದ ದಾರಿ. ಹೆಚ್ಚಿನವರಿಗೆ ಕೈ ದಿನದ ಕೆಲಸಕ್ಕೆ ಸಾಕಾಗುವಷ್ಟು ಮರಳುತ್ತದೆ, ಕೆಲವರಿಗೆ ಕೊನೆಗೂ ಒಂದಿಷ್ಟು ಬಿಗಿತ ಉಳಿದುಬಿಡುತ್ತದೆ.

"ಹಾಗಾದರೆ ತಾನಾಗಿಯೇ ಹೋಗುತ್ತದಲ್ಲ, ಔಷಧಿ ಯಾಕೆ" ಎಂದು ಕೇಳುವವರಿದ್ದಾರೆ. ಎರಡು ವರ್ಷ ನಿದ್ದೆಗೆಟ್ಟು, ಕೂಲಿ ಬಿಟ್ಟು, ಇನ್ನೊಬ್ಬರ ಕೈಯಿಂದ ಬಟ್ಟೆ ಹಾಕಿಸಿಕೊಂಡು ಕಾಯುವುದು ಸಣ್ಣ ಮಾತಲ್ಲ. ಚಿಕಿತ್ಸೆ ಆ ಅವಧಿಯ ನೋವನ್ನು ಬಹಳ ತಗ್ಗಿಸುತ್ತದೆ, ಕೈಯನ್ನು ಬೇಗ ಕೆಲಸಕ್ಕೆ ತರುತ್ತದೆ.

ಹಂತ ಗುರುತಿಸಲು ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದು: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ನೋವೋ, ಬಿಗಿತವೋ? ನೋವು ಎಂದರೆ ಮೊದಲು ನೋವು ಇಳಿಸಬೇಕು, ಕೈಯನ್ನು ನೋವಿನ ಗೆರೆಯ ಒಳಗೇ ಮೆಲ್ಲಗೆ ಆಡಿಸುತ್ತಿರಬೇಕು. ಬಿಗಿತ ಎಂದರೆ ಹಿಗ್ಗಿಸುವ ವ್ಯಾಯಾಮವನ್ನು ಜೋರು ಮಾಡಬಹುದು.

ನೋವಿನ ದಿನಗಳನ್ನು ದಾಟುವುದು

ರಾತ್ರಿಯ ವ್ಯವಸ್ಥೆಯಿಂದಲೇ ಶುರುಮಾಡಿ, ಏಕೆಂದರೆ ನಿದ್ದೆ ಕೆಟ್ಟವರಿಗೆ ನೋವು ಇಮ್ಮಡಿಯಾಗುತ್ತದೆ. ಅಂಗಾತ ಮಲಗಿದಾಗ ಮೊಣಕೈ ಹಾಸಿಗೆಗೆ ಇಳಿದು ಭುಜವನ್ನು ಹಿಂದಕ್ಕೆ ಜಗ್ಗುತ್ತದೆ. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಮತ್ತು ತೋಳಿನ ಅಡಿಗೆ ಇಟ್ಟರೆ ಆ ಜಗ್ಗು ನಿಲ್ಲುತ್ತದೆ. ಪಕ್ಕಕ್ಕೆ ಮಲಗುವವರು ಒಳ್ಳೆಯ ಮಗ್ಗುಲಿಗೆ ಮಲಗಿ, ಎದೆಗೆ ಒಂದು ದಿಂಬು ಅವಚಿಕೊಂಡು ನೋವಿನ ಕೈಯನ್ನು ಅದರ ಮೇಲೆ ಇಡಬೇಕು. ಬೆನ್ನ ಹಿಂದೆ ಇನ್ನೊಂದು ದಿಂಬು ಇದ್ದರೆ ನಿದ್ದೆಯಲ್ಲಿ ಹೊರಳುವುದು ತಪ್ಪುತ್ತದೆ.

ಬಟ್ಟೆ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ನೋವಿನ ಕೈ ಕೊನೆಗೆ. ಇದೊಂದು ಪದ್ಧತಿ ರೂಢಿಯಾದರೆ ಬೆಳಗಿನ ಅರ್ಧ ಸಂಕಟ ಕಳೆಯುತ್ತದೆ. ಮುಂದೆ ಕೊಕ್ಕೆ ಇರುವ ರವಿಕೆ, ಮುಂದೆ ಗುಂಡಿ ಇರುವ ಅಂಗಿ ಈ ಕಾಲಕ್ಕೆ ಅನುಕೂಲ. ಮೇಲಿನ ಕಪಾಟಿನ ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿ. ತುಂಬಿದ ಕೊಡವನ್ನು ಆ ಕೈಯಿಂದ ಎತ್ತಬೇಡಿ, ಬೇಕಾದರೆ ಅರ್ಧ ತುಂಬಿಸಿ ಎರಡು ಸಲ ತನ್ನಿ. ಜೋಳದ ರೊಟ್ಟಿ ಬಡಿಯುವುದು ನಮ್ಮ ಕಡೆಯ ಹೆಂಗಸರಿಗೆ ಬಿಡಲಾಗದ ಕೆಲಸ, ನಿಜ. ನೋವು ತೀವ್ರವಾಗಿರುವ ವಾರಗಳಲ್ಲಿ ಅದನ್ನು ಮನೆಯ ಇನ್ನೊಬ್ಬರು ಮಾಡಲಿ. ಗಂಡಸರೂ ಕಲಿಯಬಹುದಾದ ಕೆಲಸವೇ ಅದು. ಬೆನ್ನಿಗೆ ಹೊತ್ತು ಸನ್ನೆ ಜಗ್ಗುವ ಔಷಧಿ ಪಂಪು ಮಾತ್ರ ಈ ಹಂತದಲ್ಲಿ ಬೇಡವೇ ಬೇಡ.

ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿ ದಿನವಿಡೀ ಇಡಬೇಡಿ. ಎದೆಯ ಮಟ್ಟಕ್ಕಿಂತ ಕೆಳಗಿನ ಹಗುರ ಕೆಲಸಗಳಿಗೆ, ಸೊಪ್ಪು ಬಿಡಿಸಲು, ಊಟ ಮಾಡಲು, ಬರೆಯಲು, ಆ ಕೈಯನ್ನೇ ಬಳಸಿ.

ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ಬಹಳ ಮಂದಿಗೆ ಹಾಯೆನಿಸುತ್ತದೆ. ಸಕ್ಕರೆ ಇರುವವರಿಗೆ ಚರ್ಮದ ಸ್ಪರ್ಶ ಮಂದವಾಗಿರಬಹುದು, ಸುಟ್ಟದ್ದು ತಿಳಿಯುವುದಿಲ್ಲ. ಬಿಸಿ ಎಷ್ಟಿದೆ ಎಂದು ಮೊದಲು ಮನೆಯ ಇನ್ನೊಬ್ಬರು ಮುಟ್ಟಿ ನೋಡಲಿ. ರಾಯಚೂರಿನ ಏಪ್ರಿಲ್, ಮೇ ಸೆಕೆಯಲ್ಲಿ ಬಿಸಿ ಬೇಡವೆನಿಸಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಅಷ್ಟೇ ಹೊತ್ತು ಇಡಬಹುದು. ಯಾವುದು ನಿಮಗೆ ಹಿತವೋ ಅದೇ ಸರಿ. ಎಣ್ಣೆಯನ್ನು ಮೃದುವಾಗಿ ಸವರುವುದರಿಂದ ಹಾನಿಯಿಲ್ಲ, ಆದರೆ ಪೊರೆ ಇರುವುದು ಆಳದಲ್ಲಿ. ತಿಕ್ಕಿದರೆ ಅದು ಸಡಿಲವಾಗುತ್ತದೆ ಎಂದು ನಂಬಿ ತಿಂಗಳುಗಳನ್ನು ಕಳೆಯಬೇಡಿ.

ಮಾತ್ರೆಯ ವಿಚಾರದಲ್ಲಿ ನನಗೆ ನಿಜವಾದ ಆತಂಕವಿದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಗಳನ್ನು ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ತುಂಬಾ ಇದ್ದಾರೆ. ಇವು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ರಕ್ತದೊತ್ತಡ ಏರಿಸಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ಬಿಸಿಲಿನಲ್ಲಿ ದುಡಿದು ಮೈಯಲ್ಲಿ ನೀರು ಕಡಿಮೆಯಾದವರಿಗೆ, ಸಕ್ಕರೆ ಮತ್ತು ಬಿಪಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ವೈದ್ಯರು ಹೇಳಿದಷ್ಟು ದಿನ, ಊಟದ ನಂತರ, ಅಷ್ಟೇ. ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಬಣ್ಣಬಣ್ಣದ ಮಾತ್ರೆಗಳನ್ನು ತೆಗೆದುಕೊಳ್ಳಲೇಬೇಡಿ. ಅದರಲ್ಲಿ ಉರಿಯೂತ ಇಳಿಸುವ ಬಲವಾದ ಔಷಧಿಯಾದ ಸ್ಟೀರಾಯ್ಡ್ ಇದ್ದರೆ ನೋವು ಮಾಯವಾದಂತೆ ಅನಿಸುತ್ತದೆ, ಸಕ್ಕರೆ ಒಳಗೊಳಗೇ ಏರುತ್ತಿರುತ್ತದೆ.

ಆಸ್ಪತ್ರೆಗೆ ಹೋಗುವುದು

ಎರಡು ಮೂರು ವಾರದಲ್ಲಿ ನೋವು ಇಳಿಯದಿದ್ದರೆ, ಇಲ್ಲವೇ ಕೈಯ ಓಡಾಟ ಕಡಿಮೆಯಾಗುತ್ತಿದೆ ಎಂದು ಗೊತ್ತಾದ ಕೂಡಲೇ, ತೋರಿಸಬೇಕಾದದ್ದು ಎಲುಬು ಮತ್ತು ಕೀಲು ವಿಭಾಗಕ್ಕೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ದೂರದ ಹಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಎಲುಬು ತಜ್ಞರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ. ಹೊರರೋಗಿ ವಿಭಾಗದ ಸಾಲು ಬೆಳಗ್ಗೆ ಬೇಗ ಬೆಳೆಯುತ್ತದೆ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಇವನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ವೈದ್ಯರಿಗೆ ಸಿಗುವ ಸಮಯ ಕಡಿಮೆ, ಆದ್ದರಿಂದ ಹೇಳಬೇಕಾದದ್ದನ್ನು ಮೊದಲೇ ಜೋಡಿಸಿಕೊಳ್ಳಿ: ನೋವು ಯಾವ ತಿಂಗಳಲ್ಲಿ ಶುರುವಾಯಿತು, ಬಿದ್ದ ಪೆಟ್ಟು ಇದೆಯೇ, ರಾತ್ರಿ ಎಚ್ಚರವಾಗುತ್ತದೆಯೇ, ಯಾವ ಕೆಲಸ ನಿಂತುಹೋಗಿದೆ, ಸಕ್ಕರೆ, ಥೈರಾಯ್ಡ್, ಬಿಪಿ, ಮೂತ್ರಪಿಂಡದ ತೊಂದರೆ ಇದೆಯೇ. "ಭುಜ ನೋವು ಸರ್" ಎಂದಷ್ಟೇ ಹೇಳಿದರೆ ನೋವಿನ ಮಾತ್ರೆಯ ಚೀಟಿಯಷ್ಟೇ ಕೈಗೆ ಬರಬಹುದು. "ಬೆನ್ನ ಹಿಂದೆ ಕೈ ಹೋಗುವುದಿಲ್ಲ, ಹೊರಗಡೆ ತಿರುಗುವುದಿಲ್ಲ" ಎಂದು ತೋರಿಸಿ ಹೇಳಿದರೆ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ಎಕ್ಸ್‌ರೇ ತೆಗೆಸುವುದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಎಂಆರ್‌ಐ ಎಲ್ಲರಿಗೂ ಬೇಕಾಗುವುದಿಲ್ಲ. ಸ್ನಾಯುರಜ್ಜು ಹರಿದಿರುವ ಅನುಮಾನ ಇದ್ದಾಗ ಅದರ ಉಪಯೋಗ ಹೆಚ್ಚು. ಸಾವಿರಾರು ರೂಪಾಯಿ ಖರ್ಚು ಮಾಡುವ ಮುನ್ನ "ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ" ಎಂದು ವಿನಯದಿಂದಲೇ ಕೇಳಿ. ಬಿಡಬಾರದ ಪರೀಕ್ಷೆ ಸಕ್ಕರೆಯದು. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಜೊತೆಗೆ ವೈದ್ಯರು ಹೇಳಿದರೆ ಥೈರಾಯ್ಡ್‌ನ ಟಿಎಸ್‌ಎಚ್. ಕಾರಟಗಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದೇ ಭುಜ ತೋರಿಸಲು ಹೋದಾಗ. ಅದಕ್ಕೂ ಮುಂಚೆ ಅವರಿಗೆ ಬಾಯಾರಿಕೆಯೂ ಇರಲಿಲ್ಲ, ಸುಸ್ತೂ ಇರಲಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ತಪಾಸಣೆ ಉಚಿತವಾಗಿ ನಡೆಯುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಭುಜದ ಬಿಗಿತ ಹೆಚ್ಚು ಕಾಲ ಉಳಿಯುತ್ತದೆ, ಎರಡೂ ಭುಜಕ್ಕೆ ಬರುವ ಸಾಧ್ಯತೆಯೂ ಹೆಚ್ಚು.

ಇಂಜೆಕ್ಷನ್ ಎಂದರೆ ಹೆದರಬೇಕೇ

ನೋವಿನ ಹಂತದಲ್ಲಿ ವೈದ್ಯರು ಭುಜದ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಸೂಚಿಸಬಹುದು. "ಸ್ಟೀರಾಯ್ಡ್" ಎಂಬ ಮಾತು ಕೇಳಿ ಎದ್ದು ಬಂದವರನ್ನು ಕಂಡಿದ್ದೇನೆ. ತಜ್ಞರ ಕೈಯಲ್ಲಿ, ಶುಚಿಯಾದ ರೀತಿಯಲ್ಲಿ, ಕೀಲಿನೊಳಗೆ ಕೊಡುವ ಒಂದು ಇಂಜೆಕ್ಷನ್ನಿಗೂ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗೂ ಬಹಳ ವ್ಯತ್ಯಾಸವಿದೆ. ಮೊದಲ ತಿಂಗಳುಗಳಲ್ಲಿ ಕೊಟ್ಟರೆ ಅದು ಉರಿಯೂತವನ್ನು ಇಳಿಸಿ, ಮುಂದಿನ ಕೆಲವು ವಾರ, ತಿಂಗಳು ನೋವನ್ನು ಚೆನ್ನಾಗಿ ತಗ್ಗಿಸುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಳ್ಳಬೇಕು. ಇಂಜೆಕ್ಷನ್ ಆಯಿತೆಂದು ಸುಮ್ಮನೆ ಕೂತರೆ ಅರ್ಧ ಲಾಭ ಹೋಯಿತು. ಪೂರಾ ಬಿಗಿದು ನೋವೇ ಇಲ್ಲದ ಹಂತದಲ್ಲಿ ಇದರ ಪ್ರಯೋಜನ ಕಡಿಮೆ.

ಸಕ್ಕರೆ ಇರುವವರು ಎಚ್ಚರ ವಹಿಸಬೇಕು. ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಕೆಲವೊಮ್ಮೆ ವಾರದವರೆಗೆ, ರಕ್ತದ ಸಕ್ಕರೆ ಏರುತ್ತದೆ. ಅಷ್ಟು ದಿನ ಸಕ್ಕರೆ ಪದೇ ಪದೇ ನೋಡಿಸಿಕೊಳ್ಳಿ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ವೈದ್ಯರ ಸಲಹೆ ಕೇಳಿ. ಚುಚ್ಚಿಸಿಕೊಂಡ ಔಷಧಿಯ ಹೆಸರು, ದಿನಾಂಕ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಜ್ವರ ಬಂದು ಭುಜ ಕೆಂಪಾಗಿ ಊದಿದರೆ ಅದೇ ದಿನ ಮರಳಿ ತೋರಿಸಬೇಕು.

ಎಳೆದು ಕೂರಿಸುವವರ ಬಳಿ ಹೋಗಬೇಡಿ

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಚಿಕ್ಕಮ್ಮನನ್ನು ಆರಂಭದಲ್ಲಿ ನೆರೆಯವರ ಮಾತು ಕೇಳಿ ಕೀಲು ಕೂರಿಸುವ ಒಬ್ಬರ ಬಳಿಗೆ ಕರೆದೊಯ್ದಿದ್ದರು. ಅವರು ಕಂಕುಳಿಗೆ ಕಾಲು ಕೊಟ್ಟು ಕೈಯನ್ನು ಜಗ್ಗಿದರು. ಆ ರಾತ್ರಿಯಿಂದ ನೋವು ಎಷ್ಟು ಕೆರಳಿತೆಂದರೆ ಮುಂದಿನ ಕೆಲವು ವಾರ ಅವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಜಾರದ ಕೀಲನ್ನು ಕೂರಿಸುವುದೆಂದರೇನು? ಉರಿಯೂತ ಇರುವ ಪೊರೆಯನ್ನು ಒಮ್ಮೆಗೇ ಜಗ್ಗಿದರೆ ಅದು ಇನ್ನಷ್ಟು ಕೆರಳುತ್ತದೆ, ಮೂಳೆ ಸೊರಗಿದ ವಯಸ್ಸಾದವರಲ್ಲಿ ತೋಳಿನ ಮೂಳೆಯೇ ಮುರಿಯಬಹುದು. ಆಸ್ಪತ್ರೆಯಲ್ಲಿಯೂ ಕೈಯನ್ನು ಬಲವಾಗಿ ತಿರುಗಿಸಿ ಬಿಡಿಸುವ ಕ್ರಮ ಇದೆ, ಆದರೆ ಅದನ್ನು ಅರಿವಳಿಕೆ ಕೊಟ್ಟು, ಎಲುಬು ತಜ್ಞರೇ, ಆಯ್ದ ರೋಗಿಗಳಿಗೆ ಮಾತ್ರ ಮಾಡುತ್ತಾರೆ.

ದಿನದ ವ್ಯಾಯಾಮ

ಫಿಸಿಯೋಥೆರಪಿ ಎಂದರೆ ಯಂತ್ರದ ಶಾಖ ಕೊಡಿಸಿಕೊಂಡು ಬರುವುದು ಎಂದು ತಿಳಿದವರು ಹೆಚ್ಚು. ಶಾಖ ಬರೀ ಪೀಠಿಕೆ. ಕೈಯನ್ನು ಮರಳಿ ತರುವುದು ನೀವು ಮನೆಯಲ್ಲಿ ದಿನವೂ ಮಾಡುವ ಚಲನೆ. ದಿನಾ ಬಸ್ ಹತ್ತಿ ನಗರಕ್ಕೆ ಬರಲಾಗದವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದು, ಹೊಸ ವ್ಯಾಯಾಮ ಕಲಿತು, ತಪ್ಪು ತಿದ್ದಿಸಿಕೊಂಡು ಹೋದರೂ ಸಾಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಬಸ್ ಚಾರ್ಜ್ ಇಲ್ಲವೆಂದು ಫಿಸಿಯೋಥೆರಪಿ ನಡುವೆ ಬಿಡುತ್ತಿದ್ದವರಿಗೆ ಇದು ದೊಡ್ಡ ಆಸರೆ.

ಬಿಸಿನೀರಿನ ಸ್ನಾನದ ನಂತರ ಮಾಡಿದರೆ ಒಳ್ಳೆಯದು. ಮೊದಲನೆಯದು, ತೂಗಾಡಿಸುವುದು. ಮಂಚದ ಅಂಚಿಗೋ ಮೇಜಿಗೋ ಒಳ್ಳೆಯ ಕೈ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಸಡಿಲವಾಗಿ ಇಳಿಬಿಡಿ. ಮೈಯನ್ನು ಮೆಲ್ಲಗೆ ಆಡಿಸಿ, ಆ ಆಟಕ್ಕೆ ಕೈ ತಾನಾಗಿ ಒಂದು ಅಡಿ ಅಗಲದ ವೃತ್ತ ಬರೆಯಲಿ. ಹತ್ತು ಸುತ್ತು ಒಂದು ದಿಕ್ಕಿಗೆ, ಹತ್ತು ಇನ್ನೊಂದಕ್ಕೆ. ಭುಜದ ಸ್ನಾಯುವಿನಿಂದ ಕೈ ತಿರುಗಿಸಿದರೆ ಪ್ರಯೋಜನವಿಲ್ಲ. ನೋವು ಜೋರಿರುವ ವಾರಗಳಲ್ಲಿ ಇದೂ, ಮೇಜಿನ ಮೇಲೆ ಬಟ್ಟೆ ಹಾಕಿ ಅಂಗೈ ಇಟ್ಟು ಮೈ ಬಾಗಿಸುತ್ತಾ ಕೈಯನ್ನು ಮುಂದಕ್ಕೆ ಜಾರಿಸುವುದೂ, ಇವೆರಡೇ ಸಾಕು.

ನೋವು ಇಳಿದ ಮೇಲೆ ಅಂಗಾತ ಮಲಗಿ, ಒಳ್ಳೆಯ ಕೈಯಿಂದ ನೋವಿನ ಕೈಯ ಮಣಿಕಟ್ಟು ಹಿಡಿದು ತಲೆಯ ಮೇಲಕ್ಕೆ ಒಯ್ಯಿರಿ. ಹೊರತಿರುವಿಗೆ ಒಂದು ಕೋಲು ಬೇಕು: ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಕೋಲನ್ನು ಎರಡೂ ಕೈಯಲ್ಲಿ ಅಡ್ಡವಾಗಿ ಹಿಡಿದು, ಒಳ್ಳೆಯ ಕೈಯಿಂದ ತಳ್ಳುತ್ತಾ ನೋವಿನ ಕೈಯನ್ನು ಹೊರಗಡೆಗೆ ಸರಿಸಿ. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ ಎಂದು ತಿಳಿಯುತ್ತದೆ. ಜನ ಹೆಚ್ಚಾಗಿ ಬಿಟ್ಟುಬಿಡುವ ವ್ಯಾಯಾಮ ಇದೇ, ಹೆಚ್ಚು ಬೇಕಾದದ್ದೂ ಇದೇ. ನೋವಿನ ಕೈಯ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಎದೆಗೆ ಅಡ್ಡವಾಗಿ ಎಳೆದು 15ರಿಂದ 20 ಸೆಕೆಂಡು ನಿಲ್ಲಿಸುವುದು ಇನ್ನೊಂದು. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯುವ ವ್ಯಾಯಾಮವನ್ನು ಕೊನೆಗೆ, ಬಿಗಿತ ಬಿಡತೊಡಗಿದ ಮೇಲೆ ಮಾಡಿ.

ಗೋಡೆಯ ಮೇಲೆ ಬೆರಳು ಹತ್ತಿಸುವುದು ಎಲ್ಲರಿಗೂ ಗೊತ್ತಿರುವ ವ್ಯಾಯಾಮ. ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಇದನ್ನು ಮಾಡುತ್ತಿದ್ದರು. ಬೆರಳು ಮುಟ್ಟಿದ ಎತ್ತರಕ್ಕೆ ಮೊಮ್ಮಗ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ವಾರದ ಹೆಸರು ಬರೆಯುತ್ತಿದ್ದ. ಮೊದಲ ಗೆರೆಗಳು ಸ್ವಿಚ್ಚಿನ ಫಲಕದ ಹತ್ತಿರವೇ ಒಂದರ ಮೇಲೊಂದು ಒತ್ತೊತ್ತಾಗಿ ಕೂತಿದ್ದವು, ಕೆಲವು ವಾರಗಳಲ್ಲಿ ಹಿಂದಿನದಕ್ಕಿಂತ ಕೆಳಗೂ ಬಿದ್ದಿದ್ದವು. ಆದರೆ ದಸರೆಗೆ ಎಳೆದ ಗೆರೆಯನ್ನು ಕಾರಹುಣ್ಣಿಮೆಯದಕ್ಕೆ ಹೋಲಿಸಿದರೆ ಒಂದು ಗೇಣು ಮೇಲಿತ್ತು. ದಿನದಿಂದ ದಿನಕ್ಕೆ ಕಾಣದ ಗುಣ ಹೀಗೆ ಗುರುತು ಹಾಕಿದರೆ ಕಾಣುತ್ತದೆ. ನೀವೂ ಗೆರೆ ಹಾಕಿ. ವಾರಕ್ಕೊಮ್ಮೆ ಸಾಕು.

ಪ್ರತಿ ಸಲ ಐದು ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಒಂದೇ ಸಲ ಗಂಟೆಗಟ್ಟಲೆ ಮಾಡಿ ಮರುದಿನ ಕೈಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಎಷ್ಟು ಹಿಗ್ಗಿಸಬೇಕು ಎಂಬುದಕ್ಕೆ ಅಳತೆ ಇಷ್ಟು: ಮಾಡುವಾಗ ಬರುವ ಸೆಳೆತ ತಡೆಯುವಂತಿರಬೇಕು, ಮುಗಿಸಿದ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತಣ್ಣಗಾಗಬೇಕು. ಆ ರಾತ್ರಿ ನಿದ್ದೆ ಕೆಟ್ಟರೆ ಮಾಡಿದ್ದು ಹೆಚ್ಚಾಯಿತು. ಮರುದಿನ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ.

ಶಸ್ತ್ರಚಿಕಿತ್ಸೆಯ ಮಾತು ಬಂದರೆ

ಮಾತ್ರೆ, ಇಂಜೆಕ್ಷನ್, ತಿಂಗಳುಗಳ ವ್ಯಾಯಾಮದ ನಂತರವೂ ಕೈ ಸಿಕ್ಕಿಕೊಂಡೇ ಇದ್ದರೆ ಮುಂದಿನ ದಾರಿಗಳಿವೆ: ಕೀಲಿನೊಳಗೆ ದ್ರವ ತುಂಬಿಸಿ ಪೊರೆಯನ್ನು ಹಿಗ್ಗಿಸುವುದು, ಅರಿವಳಿಕೆ ಕೊಟ್ಟು ಕೈಯನ್ನು ಬಿಡಿಸುವುದು, ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇರುವ ತೆಳುವಾದ ಕೊಳವೆ ತೂರಿಸಿ ಬಿಗಿದ ಪೊರೆಯನ್ನು ಕತ್ತರಿಸುವುದು. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಅರಿವಳಿಕೆಯಲ್ಲಿ ಬಿಡಿಸುವುದು, ಪೊರೆ ಕತ್ತರಿಸುವುದು, ಇಂಜೆಕ್ಷನ್ ಜೊತೆ ಕ್ರಮಬದ್ಧ ಫಿಸಿಯೋಥೆರಪಿ, ಈ ಮೂರನ್ನೂ ಹೋಲಿಸಿತು. ಒಂದು ವರ್ಷದ ಹೊತ್ತಿಗೆ ಮೂರೂ ಗುಂಪಿನವರು ಚೆನ್ನಾಗಿ ಸುಧಾರಿಸಿದ್ದರು, ಯಾವುದೂ ಉಳಿದವುಗಳಿಗಿಂತ ಗಣನೀಯವಾಗಿ ಮೇಲು ಎನಿಸಲಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಶಸ್ತ್ರಚಿಕಿತ್ಸೆ ಎಂದರೆ ಅವಸರ ಬೇಡ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಎಲ್ಲ ಪ್ರಯತ್ನ ಮುಗಿದ ಮೇಲೆ ಹೇಳಿದರೆ ಹೆದರಿ ಹಿಂಜರಿಯುವುದೂ ಬೇಡ. ದಾಖಲಾಗುವ ಮುನ್ನ ಸರ್ಕಾರಿ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಎಷ್ಟು ಸಿಗುತ್ತದೆಂದು ರೇಷನ್ ಕಾರ್ಡ್ ತೋರಿಸಿ ಖಚಿತ ಮಾಡಿಕೊಳ್ಳಿ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ವ್ಯಾಯಾಮ ಶುರುವಾಗುತ್ತದೆ; ಅದನ್ನು ಬಿಟ್ಟರೆ ಕೈ ಮತ್ತೆ ಬಿಗಿಯುತ್ತದೆ.

ಕೈ ಬಿಡತೊಡಗಿದ ಮೇಲೆ

ಬಿಡುವ ಹಂತದಲ್ಲಿ ಒಂದೊಂದೇ ಕೆಲಸವನ್ನು ಮರಳಿ ಹಿಡಿಯಿರಿ. ಮೊದಲು ಬಟ್ಟೆ ಒಣಹಾಕುವುದು, ರೊಟ್ಟಿ, ತಲೆ ಬಾಚುವುದು. ಆಮೇಲೆ ಕೊಡ, ಗುದ್ದಲಿ. ಬೈಕ್ ಓಡಿಸುವವರು ಹ್ಯಾಂಡಲ್ಲನ್ನು ಎರಡೂ ಕಡೆ ಪೂರಾ ತಿರುಗಿಸಲು, ತಟ್ಟನೆ ಬ್ರೇಕ್ ಹಿಡಿಯಲು ಆಗುತ್ತದೆಯೇ ಎಂದು ನಿಂತ ಬೈಕಿನಲ್ಲೇ ನೋಡಿಕೊಳ್ಳಿ. ಔಷಧಿ ಪಂಪು ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲು ಅರ್ಧ ಟ್ಯಾಂಕು ಮಾತ್ರ. ತಿಂಗಳುಗಟ್ಟಲೆ ಬಳಸದ ತೋಳಿನ ಸ್ನಾಯು ಸೊರಗಿರುತ್ತದೆ. ಫಿಸಿಯೋಥೆರಪಿಸ್ಟರನ್ನು ಕೇಳಿ ಬಲ ತುಂಬುವ ವ್ಯಾಯಾಮವನ್ನು ಈಗ ಸೇರಿಸಿಕೊಳ್ಳಬೇಕು.

ಅದೇ ಭುಜಕ್ಕೆ ಈ ಕಾಯಿಲೆ ಮತ್ತೆ ಬರುವುದು ಅಪರೂಪ. ಇನ್ನೊಂದು ಭುಜಕ್ಕೆ ಕೆಲವು ವರ್ಷಗಳಲ್ಲಿ ಬರುವುದುಂಟು, ಸಕ್ಕರೆ ಇರುವವರಲ್ಲಿ ಹೆಚ್ಚು. ಆದ್ದರಿಂದ ಒಳ್ಳೆಯ ಕೈಯ ಹೊರತಿರುವನ್ನೂ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನೋಡಿಕೊಳ್ಳಿ. ಆ ಭುಜದಲ್ಲಿ ರಾತ್ರಿ ನೋವು ಶುರುವಾದರೆ, ಹಿಂದಿನ ಚೀಟಿಗಳ ಚೀಲ ತೆಗೆದುಕೊಂಡು ಆ ವಾರವೇ ತೋರಿಸಿ, ಸಕ್ಕರೆ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿ.